ಆ ಸತ್ತವನು ಯಾರ ಮಗ?

ಗೆಳೆಯರೊಬ್ಬರ ಮನೆಯ ಮದುವೆಗೆಂದು ನಾವು ರನ್ನ ಬೆಳಗಲಿಗೆ ಹೋಗಿದ್ದೆವು. ಮುಧೋಳ ಮತ್ತು ಮಹಾಲಿಂಗಪುರಗಳ ನಡುವಿನ ಕಬ್ಬಿನ ಸೀಮೆಯ ಊರು ಅದು. ಹತ್ತನೆಯ ಶತಮಾನದ ಮಹಾಕವಿ ರನ್ನ ಹುಟ್ಟಿದ್ದು ಅಲ್ಲಿಯೇ, ಬಳೆ ಮಾರುವವರ ಮನೆಯಲ್ಲಿ. ಊರಿನ ಹೆಸರಿಗೆ ಅವನ ಹೆಸರೂ ಸೇರಿಕೊಂಡಿದೆ. ಮದುವೆಯ ಮರುದಿನ ಸಂಜೆ, ನೆಂಟರಲ್ಲಿ ಅರ್ಧ ಜನ ಹೊರಟು ಹೋಗಿ ಉಳಿದವರು ಪಡಸಾಲೆಯಲ್ಲಿ ಅಡ್ಡಾಗಿದ್ದಾಗ, ಟಿ.ವಿ.ಯಲ್ಲಿ 'ವಿಷ್ಣು ಸೇನಾ' ಬರುತ್ತಿತ್ತು. ಆಸ್ಪತ್ರೆಯ ದೃಶ್ಯ ಹತ್ತಿರವಾಗುತ್ತಿದ್ದಂತೆ ಒಳಗಿದ್ದ ಹುಡುಗರೆಲ್ಲ ಬಂದು ಕುಳಿತರು. ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಆದರೂ ಕೊನೆಗೆ ಜೋರಾಗಿ ಚಪ್ಪಾಳೆ ಬಿತ್ತು.

ಮೂಲೆಯಲ್ಲಿ ಕೌದಿ ಹೊದ್ದು ಕುಳಿತಿದ್ದ ನೆರೆಮನೆಯ ಅಜ್ಜಿಯೊಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅದಿರ್ಲಿ ತಮ್ಮಾ, ಆ ಸತ್ತಾಂವ ಯಾರ ಮಗಾ? ಅವನ ಮಣ್ಣು ಯಾವಾಗ ಮಾಡ್ತಾರ?"

"ಯಮ್ಮಾ, ಅದು ಸಿನಿಮಾ ಐತಿ" ಎಂದು ಹುಡುಗರು ನಕ್ಕರು.

"ಸಿನಿಮಾ ಇದ್ರ ಏನಾತು? ಸತ್ತಾಂವ ಸತ್ತಾಂವನ ಅಲ್ಲೇನು?"

ಈ ಪ್ರಶ್ನೆ ನಮ್ಮನ್ನು ಬಹಳ ದಿನ ಬಿಡಲಿಲ್ಲ. ವೈದ್ಯಕೀಯ ಭ್ರಷ್ಟಾಚಾರದ ವಿರುದ್ಧ ಹೋರಾಡುವ ನಮ್ಮ ಸಿನಿಮಾಗಳನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ ಏನು ಕಾಣುತ್ತದೆ ಎಂಬ ಯೋಚನೆಯೇ ಈ ಬರಹ.

ಓದುಗರಲ್ಲಿ ಅನೇಕರು ಆ ದೃಶ್ಯವನ್ನು ಬಲ್ಲರು. 2002ರಲ್ಲಿ ಎ.ಆರ್. ಮುರುಗದಾಸ್ ನಿರ್ದೇಶನದಲ್ಲಿ ವಿಜಯಕಾಂತ್ ನಟಿಸಿದ 'ರಮಣ' ಎಂಬ ತಮಿಳು ಚಿತ್ರ ಬಂತು. ಮರುವರ್ಷ ಅದು ತೆಲುಗಿನಲ್ಲಿ ಚಿರಂಜೀವಿಯವರ 'ಠಾಗೂರ್' ಆಯಿತು. 2005ರಲ್ಲಿ ನಾಗಣ್ಣ ನಿರ್ದೇಶನದಲ್ಲಿ ಡಾ. ವಿಷ್ಣುವರ್ಧನ್ ಅವರ 'ವಿಷ್ಣು ಸೇನಾ' ಆಯಿತು. 2015ರಲ್ಲಿ ಹಿಂದಿಗೆ ಹೋಗಿ ಅಕ್ಷಯ್ ಕುಮಾರ್ ಅವರ 'ಗಬ್ಬರ್ ಈಸ್ ಬ್ಯಾಕ್' ಆಯಿತು. ಕಥೆಯ ಚೌಕಟ್ಟು ಒಂದೇ: ಒಬ್ಬ ಪ್ರಾಧ್ಯಾಪಕ ತನ್ನ ಶಿಷ್ಯರ ಪಡೆ ಕಟ್ಟಿಕೊಂಡು ಲಂಚಕೋರ ಅಧಿಕಾರಿಗಳನ್ನು ಅಪಹರಿಸಿ ಶಿಕ್ಷಿಸುತ್ತಾನೆ. ಆ ಕಥೆ ಯಾರಿಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ, ಆಸ್ಪತ್ರೆಯ ದೃಶ್ಯ ಮಾತ್ರ ಎಲ್ಲರಿಗೂ ನೆನಪಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಗಲೇ ಸತ್ತು ಹೋಗಿರುವ ಒಬ್ಬನ ದೇಹವನ್ನು ನಾಯಕ ದೊಡ್ಡ ಖಾಸಗಿ ಆಸ್ಪತ್ರೆಗೆ ತರುತ್ತಾನೆ. ಮರಣದ ಪ್ರಮಾಣ ಪತ್ರ ಅವನ ಜೇಬಿನಲ್ಲೇ ಇದೆ. ಆಸ್ಪತ್ರೆಯವರು ಆ ಹೆಣವನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸುತ್ತಾರೆ, ಪರೀಕ್ಷೆ ಬರೆಯುತ್ತಾರೆ, ಔಷಧ ತರಿಸುತ್ತಾರೆ, ಹಣ ಕಟ್ಟಿಸಿಕೊಳ್ಳುತ್ತಾರೆ, ಕೊನೆಗೆ ಬೇಸರದ ಮುಖ ಮಾಡಿ "ಉಳಿಸಲಾಗಲಿಲ್ಲ" ಎನ್ನುತ್ತಾರೆ. ಆಗ ಜೇಬಿನ ಕಾಗದ ಹೊರಗೆ ಬರುತ್ತದೆ.

ಈ ದೃಶ್ಯ ನಾಲ್ಕು ಭಾಷೆಗಳಲ್ಲಿ ಗೆದ್ದದ್ದು ಸುಮ್ಮನೆ ಅಲ್ಲ. ನಮ್ಮಲ್ಲಿ ಆಸ್ಪತ್ರೆಯ ಕೌಂಟರಿನ ಎದುರು ನಿಂತು ಅವಮಾನ ಅನುಭವಿಸದ ಕುಟುಂಬ ವಿರಳ. ಕೇಂದ್ರ ಸರ್ಕಾರದ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, 2013-14ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ. 64.2ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಭರಿಸಿದ್ದರು. 2021-22ರ ಹೊತ್ತಿಗೆ ಅದು ಶೇ. 39.4ಕ್ಕೆ ಇಳಿಯಿತೆಂದು ಅದೇ ಲೆಕ್ಕ ಹೇಳುತ್ತದೆ. ಇಳಿದ ಮೇಲೂ ನೂರಕ್ಕೆ ಸುಮಾರು ನಲವತ್ತು ರೂಪಾಯಿ ರೋಗಿಯದೇ. ಈ ಹಣ ಬರುವುದು ಎಲ್ಲಿಂದ? ಜಮಖಂಡಿ, ಮುಧೋಳ, ಬೀಳಗಿ ಕಡೆಯ ರೈತನಿಗೆ ಅದು ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲಿನಿಂದ, ಅದೂ ಬಾರದಿದ್ದರೆ ಸಾಲದಿಂದ. ಬನಹಟ್ಟಿಯ ನೇಕಾರನಿಗೆ ಮಗ್ಗದ ಮೇಲಿನ ಮುಂಗಡದಿಂದ. ಕಾಯಿಲೆ ದೊಡ್ಡದಾದರೆ "ಮೀರಜಕ್ಕ ಒಯ್ಯರಿ" ಎಂಬುದು ಆ ಸೀಮೆಯ ಕೊನೆಯ ಮಾತು. ಮೀರಜಿನ ಮಿಷನ್ ಆಸ್ಪತ್ರೆಯ ಕಾಲದಿಂದಲೂ ರೂಢಿಯಲ್ಲಿರುವ ಮಾತಿದು. ಒಯ್ಯುವ ಗಾಡಿಯ ಬಾಡಿಗೆಯಿಂದಲೇ ಸಾಲ ಶುರುವಾಗುತ್ತದೆ. ಹೀಗಿರುವಾಗ ಯಾರೋ ಒಬ್ಬ ತೆರೆಯ ಮೇಲೆ ಆ ಕೌಂಟರಿನವರ ಕೊರಳಪಟ್ಟಿ ಹಿಡಿದರೆ ಪ್ರೇಕ್ಷಕನ ಕೈ ತಾನಾಗಿ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆಯನ್ನು ಹೀಯಾಳಿಸುವ ಹಕ್ಕು ಯಾರಿಗೂ ಇಲ್ಲ.

ಆದರೆ ಚಪ್ಪಾಳೆ ತಟ್ಟಿದ ಮೇಲೆ ಅಜ್ಜಿಯ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕಾಗುತ್ತದೆ. ಆ ದೃಶ್ಯದ ಬಗ್ಗೆ ನಮಗೆ ನೆನಪಿರುವುದು ಏನು? ನಾಯಕನ ಜಾಣತನ, ವೈದ್ಯನ ಬೆವರು, ಬಿಲ್ಲಿನ ಮೊತ್ತ. ಸತ್ತವನ ಮುಖ ನೆನಪಿಲ್ಲ. ಆಸ್ಪತ್ರೆಯವರು ಆ ದೇಹವನ್ನು ಹಣ ಕೀಳಲು ಬಳಸಿದರು, ಚಿತ್ರಕಥೆ ಅದೇ ದೇಹವನ್ನು ಬಲೆ ಬೀಸಲು ಬಳಸಿತು. ಇಬ್ಬರ ಉದ್ದೇಶ ಬೇರೆ ಎಂಬುದು ನಿಜ. ಆದರೆ ಎರಡೂ ಕಡೆ ಅವನು ಮನುಷ್ಯನಾಗಿ ಉಳಿಯಲಿಲ್ಲ.

ಇಲ್ಲಿ ಬೆಳಗಲಿಯ ರನ್ನನನ್ನೇ ನೆನೆಯಬೇಕಾಗುತ್ತದೆ. ಅವನ 'ಗದಾಯುದ್ಧ'ದಲ್ಲಿಯೂ ಹೆಣಗಳಿವೆ. ಯುದ್ಧ ಮುಗಿಯುತ್ತ ಬಂದಾಗ ದುರ್ಯೋಧನ ರಣರಂಗದಲ್ಲಿ ನಡೆದು ಹೋಗುತ್ತಾನೆ. ದ್ರೋಣ, ದುಶ್ಶಾಸನ, ಕರ್ಣ, ತನ್ನ ಮಗ ಲಕ್ಷಣಕುಮಾರ ಹೀಗೆ ಒಬ್ಬೊಬ್ಬರ ದೇಹದ ಮುಂದೆಯೂ ನಿಲ್ಲುತ್ತಾನೆ, ಅಳುತ್ತಾನೆ, ತನ್ನ ಪಾಲಿನ ತಪ್ಪನ್ನೂ ಎದುರಿಸುತ್ತಾನೆ. ರನ್ನನ ಕಾವ್ಯದ ಕಥಾನಾಯಕ ಭೀಮ. ಆಶ್ರಯದಾತನನ್ನು ಭೀಮನಿಗೆ ಹೋಲಿಸಿ ಹೊಗಳುವುದು ಕವಿಯ ಕರ್ತವ್ಯವೂ ಆಗಿತ್ತು. ಆದರೂ ಓದುಗರ ಮನಸ್ಸಿನಲ್ಲಿ ಉಳಿದುಬಿಟ್ಟವನು ದುರ್ಯೋಧನ. ಪ್ರತಿನಾಯಕನಿಗೂ ಒಂದು ಮನಸ್ಸಿದೆ, ಸತ್ತವರಿಗೆ ಒಂದೊಂದು ಹೆಸರಿದೆ ಎಂಬುದನ್ನು ಸಾವಿರ ವರ್ಷದ ಹಿಂದಿನ ಆ ಕವಿ ಮರೆಯಲಿಲ್ಲ. ನಮ್ಮ ಸಿನಿಮಾ ಎರಡನ್ನೂ ಮರೆತಿದೆ. ಅದರ ವೈದ್ಯ ಬರೀ ದುಷ್ಟ, ಅದರ ಶವ ಬರೀ ಸಾಕ್ಷ್ಯ.

ಮಣ್ಣು ಯಾವಾಗ ಎಂಬ ಪ್ರಶ್ನೆಯೂ ಸಣ್ಣದಲ್ಲ. ಮುಸ್ಲಿಮರ ಮನೆಯಲ್ಲಿ ಮಯ್ಯತ್ತನ್ನು ತಡಮಾಡದೆ ದಫನ ಮಾಡಬೇಕೆಂಬುದು ಧರ್ಮದ ಸೂಚನೆ. ಆ ಭಾಗದ ಲಿಂಗಾಯತರಲ್ಲಿಯೂ ಮಣ್ಣು ಮಾಡುವುದೇ ಪದ್ಧತಿ. ಬಾಕಿ ಹಣಕ್ಕಾಗಿ ಶವವನ್ನು ತಡೆಹಿಡಿದರೆ ಇಬ್ಬರಿಗೂ ಆಗುವ ನೋವು ಒಂದೇ ಬಗೆಯದು. ಅಂಗಳದಲ್ಲಿ ಜನ ಸೇರಿದ್ದಾರೆ, ಕುಣಿ ತೋಡಿಯಾಗಿದೆ, ದೇಹ ಮಾತ್ರ ಬಂದಿಲ್ಲ. ಅತ್ತ ಮಗನೊಬ್ಬ ಆಸ್ಪತ್ರೆಯ ಹೊರಗೆ ನಿಂತು ಸಂಬಂಧಿಕರಿಗೆಲ್ಲ ಫೋನು ಮಾಡಿ ದುಡ್ಡು ಕೇಳುತ್ತಿದ್ದಾನೆ. ಇಂಥ ಮನೆಗಳನ್ನು ನಾವು ಕಂಡಿದ್ದೇವೆ. ಭ್ರಷ್ಟಾಚಾರ ಎಂದರೆ ಹಣದ ಮಾತಷ್ಟೇ ಅಲ್ಲ, ದುಃಖಿಸುವ ಹಕ್ಕನ್ನೇ ಅದು ಕಿತ್ತುಕೊಳ್ಳುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ವಿಶೇಷವೆಂದರೆ ಅಜ್ಜಿಯ ಪ್ರಶ್ನೆಗೆ ನಮ್ಮ ರಾಜ್ಯದ ಕಾನೂನು ಒಂದು ಉತ್ತರ ಕೊಟ್ಟಿದೆ. ಆದರೆ ಅದರ ಕಥೆಯನ್ನು ಯಾರೂ ಸಿನಿಮಾ ಮಾಡಲಿಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಹೊರಟಿತು. ಆಗ ಆರೋಗ್ಯ ಸಚಿವರಾಗಿದ್ದವರು ಕೆ.ಆರ್. ರಮೇಶ್ ಕುಮಾರ್. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಸಮಿತಿ ಅದಕ್ಕೂ ಮೊದಲೇ ವರದಿ ಕೊಟ್ಟಿತ್ತು. ಖಾಸಗಿ ಆಸ್ಪತ್ರೆಗಳ ದರಗಳನ್ನು ಸರ್ಕಾರವೇ ನಿಗದಿ ಮಾಡುವುದು, ತಪ್ಪಿದರೆ ಜೈಲು ಎಂಬ ಅಂಶಗಳು ಮೊದಲ ಮಸೂದೆಯಲ್ಲಿದ್ದವು. ಆ ವರ್ಷ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಸೇರಿದಾಗ ಸಾವಿರಾರು ವೈದ್ಯರು ಅಲ್ಲಿಗೆ ಬಂದು ಪ್ರತಿಭಟಿಸಿದರು. ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗದ ಬಾಗಿಲು ಹಾಕಿದವು. ಚಿಕಿತ್ಸೆ ಸಿಗದೆ ಸತ್ತವರ ಸುದ್ದಿಗಳು ದಿನವೂ ಪತ್ರಿಕೆಗಳಲ್ಲಿ ಬಂದವು. ಹೈಕೋರ್ಟು ಮಧ್ಯಪ್ರವೇಶಿಸಬೇಕಾಯಿತು. ಮುಖ್ಯಮಂತ್ರಿಗಳೊಂದಿಗೆ ಮಾತುಕತೆಯ ನಂತರ ಮುಷ್ಕರ ನಿಂತಿತು, ಮಸೂದೆ ಮೆತ್ತಗಾಗಿ ಅಂಗೀಕಾರವಾಯಿತು. ಸರ್ಕಾರಿ ಯೋಜನೆಗಳ ರೋಗಿಗಳಿಗೆ ಮಾತ್ರ ಸರ್ಕಾರದ ದರ, ಉಳಿದವರಿಗೆ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಪ್ರದರ್ಶಿಸಿದರೆ ಸಾಕು ಎಂದಾಯಿತು.

ಸೋತದ್ದನ್ನು ಸೋತಿತೆಂದೇ ಹೇಳಬೇಕು. ಆದರೆ ಉಳಿದದ್ದನ್ನೂ ಹೇಳಬೇಕು. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಕಾಯದೆ ಜೀವ ಉಳಿಸುವ ಚಿಕಿತ್ಸೆ ಕೊಡಬೇಕು ಎಂಬುದು ಉಳಿಯಿತು. ರೋಗಿ ಸತ್ತರೆ ಬಾಕಿ ಹಣ ಕಟ್ಟಿಯೇ ತೀರಬೇಕೆಂದು ಹಟ ಹಿಡಿಯದೆ ಶವವನ್ನು ವಾರಸುದಾರರಿಗೆ ಒಪ್ಪಿಸಬೇಕು ಎಂಬುದೂ ಉಳಿಯಿತು. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲೆಗೊಂದು ಪ್ರಾಧಿಕಾರ ಬಂತು. ಅಜ್ಜಿ ಕೇಳಿದ ಮಣ್ಣಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಇದನ್ನು ತಂದದ್ದು ಅಪಹರಣವಲ್ಲ. ಸಮಿತಿ, ವರದಿ, ಕರಡು, ಧರಣಿ, ವಾದ, ರಾಜಿ ಎಲ್ಲವೂ ಸೇರಿ ತಂದದ್ದು. ಆದರೆ ಈ ಕಲಮು ಇದೆಯೆಂಬುದು ಎಷ್ಟು ಜನಕ್ಕೆ ಗೊತ್ತು? ಆ ಪಡಸಾಲೆಯಲ್ಲಿ ದೃಶ್ಯದ ಮಾತುಗಳನ್ನು ಬಾಯಿಪಾಠ ಹೇಳುತ್ತಿದ್ದ ಹುಡುಗರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ.

ಅದೇ 2017ರ ಅಕ್ಟೋಬರಿನಲ್ಲಿ, ಬೆಳಗಾವಿಯ ಗದ್ದಲಕ್ಕೆ ಒಂದು ತಿಂಗಳ ಮುಂಚೆ, ತಮಿಳಿನಲ್ಲಿ ವಿಜಯ್ ಅವರ 'ಮೆರ್ಸಲ್' ಬಂದಿತ್ತು. ಅದರ ಕಥೆಯೂ ಇದೇ. ಐದು ರೂಪಾಯಿಗೆ ಚಿಕಿತ್ಸೆ ಕೊಡುವ ವೈದ್ಯ ಒಂದು ಕಡೆ, ಹೆರಿಗೆಯನ್ನೂ ವ್ಯಾಪಾರ ಮಾಡಿಕೊಂಡ ಆಸ್ಪತ್ರೆಯ ಮಾಲೀಕ ಇನ್ನೊಂದು ಕಡೆ. ಸಿನಿಮಾದಲ್ಲಿ ಜಿ.ಎಸ್.ಟಿ. ಕುರಿತ ಒಂದು ಮಾತಿಗೆ ತಮಿಳುನಾಡಿನ ಬಿಜೆಪಿ ನಾಯಕರು ಸಿಟ್ಟಾದರು, ವೈದ್ಯರ ಸಂಘಟನೆಗಳೂ ಆಕ್ಷೇಪಿಸಿದವು. ಗಲಾಟೆಯಿಂದ ಸಿನಿಮಾಕ್ಕೆ ಲಾಭವೇ ಆಯಿತು. ಐದು ರೂಪಾಯಿಯ ವೈದ್ಯರು ಸಿನಿಮಾದ ಕಲ್ಪನೆ ಮಾತ್ರ ಅಲ್ಲ, ಮಂಡ್ಯದ ಚರ್ಮರೋಗ ತಜ್ಞ ಡಾ. ಎಸ್.ಸಿ. ಶಂಕರೇಗೌಡರನ್ನು ನಮ್ಮ ಜನ ಆ ಹೆಸರಿನಿಂದಲೇ ಬಲ್ಲರು. ಆದರೆ ತೆರೆಯ ಮೇಲಿನ ಒಳ್ಳೆಯ ವೈದ್ಯನ ಪಕ್ಕದಲ್ಲಿ ಒಬ್ಬ ಕೊಲೆಗಾರ ಜೋಡಿ ಇರಲೇಬೇಕೆಂಬುದು ಮಾರುಕಟ್ಟೆಯ ನಿಯಮ. ಮಂಡ್ಯದ ವೈದ್ಯರು ವರ್ಷಗಟ್ಟಲೆ ರೋಗಿಗಳ ಸಾಲು ನೋಡುತ್ತ ಕುಳಿತದ್ದರಲ್ಲಿ ಸಿನಿಮಾಕ್ಕೆ ಬೇಕಾದ ಬೆಂಕಿ ಇಲ್ಲ.

ಈಗ ನಮ್ಮ ಮುಖ್ಯ ತಕರಾರಿಗೆ ಬರೋಣ. ಈ ಸಿನಿಮಾಗಳಲ್ಲಿ ಭ್ರಷ್ಟಾಚಾರ ಇರುವುದು ಯಾವಾಗಲೂ ಗಾಜಿನ ಬಾಗಿಲಿನ ಆ ಕಡೆ. ಈ ಕಡೆ ಇರುವ ನಾವೆಲ್ಲ ನಿರ್ದೋಷಿಗಳು. ನಮಗೆ ಮೋಸವಾಗಿದೆ, ನಾಯಕ ಬಂದು ಸರಿ ಮಾಡಬೇಕು. ಇದು ಎಷ್ಟು ನಿಜ?

ರನ್ನ ಬೆಳಗಲಿಯ ಪಕ್ಕದ ಊರು ಮಹಾಲಿಂಗಪುರ. ಬೆಲ್ಲದ ಪೇಟೆಗೆ ಹೆಸರಾದ ಊರು. 2024ರ ಮೇ ತಿಂಗಳಿನಲ್ಲಿ ಮಹಾರಾಷ್ಟ್ರದಿಂದ ಅಲ್ಲಿಗೆ ಬಂದಿದ್ದ ಒಬ್ಬ ಮಹಿಳೆ ಅಕ್ರಮ ಗರ್ಭಪಾತದ ನಂತರ ಪ್ರಾಣ ಬಿಟ್ಟಳು. ಗರ್ಭಪಾತ ಮಾಡಿದ ಆರೋಪದ ಮೇಲೆ ಬಂಧಿತಳಾದವಳು ವೈದ್ಯೆಯಲ್ಲ, ಹಿಂದೆ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದ್ದವಳು. ಹೊಟ್ಟೆಯಲ್ಲಿರುವುದು ಹೆಣ್ಣೆಂದು ತಿಳಿದ ಮೇಲೆ ಆ ತಾಯಿಯನ್ನು ಗಡಿ ದಾಟಿಸಿ ತರಲಾಗಿತ್ತೆಂದು ಆಗ ವರದಿಯಾಯಿತು. ಅದಕ್ಕೂ ಏಳು ವರ್ಷ ಮೊದಲು, 2017ರ ಮಾರ್ಚಿನಲ್ಲಿ, ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ 19 ಭ್ರೂಣಗಳು ಮಣ್ಣಿನಡಿ ಸಿಕ್ಕಿದ್ದವು. ಅಲ್ಲಿಯೂ ಒಬ್ಬ ಮಹಿಳೆಯ ಸಾವಿನಿಂದಲೇ ವಿಷಯ ಹೊರಬಿದ್ದಿತ್ತು. ಆ ಜಾಲದ ಎಳೆಗಳು ಗಡಿಯ ಈಚೆಯ ಕರ್ನಾಟಕಕ್ಕೂ ಹಬ್ಬಿದ್ದವು. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಇನ್ನೊಂದು ಜಾಲ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡಿತ್ತು.

ಆಲೆಮನೆ ಎಂದರೆ ಕಬ್ಬಿನ ಸೀಮೆಯವರಿಗೆ ಅದರ ಬಿಸಿಬೆಲ್ಲದ ವಾಸನೆ ನೆನಪಾಗುತ್ತದೆ. ಅಲ್ಲಿ ಗಾಜಿನ ಬಾಗಿಲಿಲ್ಲ, ಅಮೃತಶಿಲೆಯ ನೆಲವಿಲ್ಲ, ಸೂಟು ಹಾಕಿದ ಖಳನಿಲ್ಲ. ಅಲ್ಲಿಗೆ ಯಾರನ್ನೂ ಮೋಸದಿಂದ ಕರೆತರಬೇಕಾಗಿಲ್ಲ. ಕರೆತರುವವರು ಗಂಡ, ಅತ್ತೆ, ಮಾವ, ಕೆಲವೊಮ್ಮೆ ತವರಿನವರೇ. ದುಡ್ಡು ಕೊಡುವವರೂ ಅವರೇ, ಸುದ್ದಿ ಮುಚ್ಚಿಡುವವರೂ ಅವರೇ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲೇ ಬಂತು. ಪತ್ತೆ ಮಾಡಿದವರಷ್ಟೇ ಅಲ್ಲ, ಮಾಡಿಕೊಡಿ ಎಂದು ಕೇಳಿದವರೂ ಅದರಲ್ಲಿ ಅಪರಾಧಿಗಳು. ಕಾನೂನು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಹೇಳುವ ಧೈರ್ಯ ನಮ್ಮ ಜನಪ್ರಿಯ ಸಿನಿಮಾಕ್ಕೆ ಇನ್ನೂ ಬಂದಿಲ್ಲ. ಏಕೆಂದರೆ ಹಾಗೆ ಹೇಳಿದರೆ ಟಿಕೆಟು ಕೊಂಡವನೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ.

ಖಾಸಗಿಯೆಂದರೆ ಕಳ್ಳ, ಸರ್ಕಾರಿಯೆಂದರೆ ಪಾಪದವನು ಎಂಬ ಸಿನಿಮಾದ ಲೆಕ್ಕವೂ ನಿಲ್ಲುವುದಿಲ್ಲ. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2018ರ ನಡುವೆ ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಕೋಶವನ್ನು ಅಗತ್ಯವಿಲ್ಲದೆ ತೆಗೆದುಹಾಕಲಾಯಿತು ಎಂಬ ಆರೋಪ ಬಂತು. ಅವರಲ್ಲಿ ಹೆಚ್ಚಿನವರು ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ಕೂಲಿ ಮಾಡಿ ಬದುಕುವವರು. ಅವರು ವರ್ಷಗಟ್ಟಲೆ ಪರಿಹಾರ ಕೇಳುತ್ತ ಬೀದಿಯಲ್ಲಿ ನಡೆದರು. ಈ ಹೆಣ್ಣುಮಕ್ಕಳ ಕಥೆಯಲ್ಲಿ ಅಪಹರಿಸುವ ನಾಯಕನಿಗೆ ಕೆಲಸವಿಲ್ಲ. ಅಲ್ಲಿ ಬೇಕಾಗಿದ್ದದ್ದು ಎರಡನೆಯ ಒಬ್ಬ ವೈದ್ಯರ ಅಭಿಪ್ರಾಯ, ತಿಳಿಯುವ ಭಾಷೆಯಲ್ಲಿ ಒಂದು ಮಾತು, ಕೈಯಲ್ಲಿ ಒಂದು ಕಾಗದ.

ಸಿನಿಮಾ ಬರೀ ಸಿನಿಮಾ, ಅದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು ಎಂದು ಕೆಲವರು ಕೇಳಬಹುದು. ತೆರೆಯ ಮೇಲಿನ ನಡವಳಿಕೆ ತೆರೆಯ ಮೇಲೆಯೇ ಉಳಿದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ರೋಗಿ ಸತ್ತ ತಕ್ಷಣ ರಾತ್ರಿ ಪಾಳಿಯ ಕಿರಿಯ ವೈದ್ಯನ ಮೇಲೆ, ನರ್ಸಿನ ಮೇಲೆ ಕೈ ಮಾಡುವುದು ನಮ್ಮಲ್ಲಿ ಎಷ್ಟು ಸಾಮಾನ್ಯವಾಯಿತೆಂದರೆ, ಅದನ್ನು ತಡೆಯಲು ಕರ್ನಾಟಕ 2009ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಬಿಲ್ಲು ಬರೆದವನು ಆ ಹುಡುಗನಲ್ಲ, ದರ ನಿಗದಿ ಮಾಡಿದವನೂ ಅಲ್ಲ. ಆದರೆ ಕೈಗೆ ಸಿಕ್ಕವನು ಅವನು. ಬೆಳಗಾವಿಗೆ ಬಂದ ವೈದ್ಯರಲ್ಲಿಯೂ ಸಣ್ಣ ಊರಿನಲ್ಲಿ ಹತ್ತು ಹಾಸಿಗೆಯ ದವಾಖಾನೆ ನಡೆಸುವವರು ಇದ್ದರು. ಸರ್ಕಾರಿ ಆಸ್ಪತ್ರೆಗಳೇಕೆ ಈ ಕಾಯ್ದೆಯ ಹೊರಗೆ ಎಂದು ಅವರು ಕೇಳಿದ್ದು ಕೇಳಬೇಕಾದ ಪ್ರಶ್ನೆಯೇ ಆಗಿತ್ತು. ಎದುರಾಳಿಯ ಮಾತನ್ನೂ ಕೇಳುವ ರನ್ನನ ಗುಣ ನಮಗೆ ಬೇಕಾಗಿರುವುದು ಇಂಥ ಕಡೆ.

ಇನ್ನೊಂದು ಪ್ರಸಂಗ ಇನ್ನೂ ಹತ್ತಿರದ್ದು. 2021ರ ಮೇ 4. ಕೊರೊನಾದ ಎರಡನೆಯ ಅಲೆ. ಬೆಂಗಳೂರಿನಲ್ಲಿ ಹಾಸಿಗೆ ಸಿಗದೆ ಜನ ಆಂಬುಲೆನ್ಸುಗಳಲ್ಲೇ ಸಾಯುತ್ತಿದ್ದರು. ಹಾಸಿಗೆಗಳನ್ನು ಸುಳ್ಳು ಹೆಸರಿನಲ್ಲಿ ಹಿಡಿದಿಟ್ಟು ಮಾರುತ್ತಿದ್ದ ದಂಧೆ ನಿಜವಾಗಿಯೂ ಇತ್ತು, ಮುಂದೆ ಬಂಧನಗಳೂ ಆದವು. ಅಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಶಾಸಕರೊಂದಿಗೆ, ಕ್ಯಾಮೆರಾದೊಂದಿಗೆ ಮಹಾನಗರ ಪಾಲಿಕೆಯ ದಕ್ಷಿಣ ವಲಯದ ವಾರ್ ರೂಮಿಗೆ ನುಗ್ಗಿದರು. ಇನ್ನೂರರಷ್ಟು ಸಿಬ್ಬಂದಿ ಇದ್ದ ಕಡೆ ಓದಿದ್ದು ಕೇವಲ 17 ಮುಸ್ಲಿಂ ನೌಕರರ ಹೆಸರಿದ್ದ ಪಟ್ಟಿಯನ್ನು. ಆ ಹುಡುಗರು ಕೆಲಸದಿಂದ ಹೊರಗಾದರು, ಅವರ ಹೆಸರುಗಳು ಮೊಬೈಲಿನಿಂದ ಮೊಬೈಲಿಗೆ ಅಪರಾಧಿಗಳ ಪಟ್ಟಿಯಾಗಿ ಓಡಿದವು. ಪೊಲೀಸರು ವಿಚಾರಿಸಿದರು, ಅವರ ಮೇಲೆ ಸಾಕ್ಷ್ಯ ಸಿಗಲಿಲ್ಲ.

ಆ ದೃಶ್ಯವನ್ನು ಈಗ ನೆನೆದರೆ 'ರಮಣ'ನ ಆಸ್ಪತ್ರೆಯ ದೃಶ್ಯಕ್ಕೂ ಅದಕ್ಕೂ ಇರುವ ಹೋಲಿಕೆ ಗಾಬರಿ ಹುಟ್ಟಿಸುತ್ತದೆ. ಜನರ ಸಿಟ್ಟು ನಿಜ, ಅನ್ಯಾಯವೂ ನಿಜ. ಬಾಗಿಲು ತಳ್ಳಿ ಒಳಬರುವ ಒಬ್ಬ, ಕೈಯಲ್ಲಿ ಒಂದು ಕಾಗದ, ಎದುರಿಗೆ ತಬ್ಬಿಬ್ಬಾದ ನೌಕರರು. ಎಲ್ಲವೂ ಅದೇ. ಒಂದೇ ವ್ಯತ್ಯಾಸ: ಸಿನಿಮಾದಲ್ಲಿ ನಾಯಕನ ಕೈಯ ಕಾಗದ ನಿಜವೆಂದು ಚಿತ್ರಕಥೆ ಖಾತ್ರಿ ಕೊಟ್ಟಿರುತ್ತದೆ. ಬದುಕಿನಲ್ಲಿ ಆ ಖಾತ್ರಿ ಇಲ್ಲ. ಅದಕ್ಕಾಗಿಯೇ ತನಿಖೆ, ಸಾಕ್ಷಿ, ನ್ಯಾಯಾಲಯ ಎಂಬ ಬೇಸರದ ಸಂಗತಿಗಳನ್ನು ಮನುಷ್ಯ ಕಂಡುಕೊಂಡಿರುವುದು. ಅವನ್ನು ಬದಿಗೆ ತಳ್ಳುವ ನಾಯಕನಿಗೆ ಚಪ್ಪಾಳೆ ತಟ್ಟಿ ಬೆಳೆದ ಸಮಾಜ, ಒಂದು ದಿನ ಯಾರ ಹೆಸರನ್ನು ಓದಿದರೂ ಚಪ್ಪಾಳೆ ತಟ್ಟುತ್ತದೆ. ಅಂದು ಆ 17 ಜನರ ತಾಯಂದಿರಲ್ಲಿ ಯಾರಾದರೂ ಅಜ್ಜಿಯಂತೆಯೇ ಕೇಳಿರಬಹುದು: ಇವರು ಯಾರ ಮಕ್ಕಳೆಂದು ಒಬ್ಬರಾದರೂ ವಿಚಾರಿಸಿದರೇ?

ಹಾಗಾದರೆ ಈ ವಿಷಯದ ಮೇಲೆ ಒಳ್ಳೆಯ ಸಿನಿಮಾ ಸಾಧ್ಯವೇ ಇಲ್ಲವೇ? ಇದೆ. 2023ರ 'ಜವಾನ್' ಅಬ್ಬರದ ಚಿತ್ರವೇ ಆದರೂ ಒಂದು ಹೆಜ್ಜೆ ಮುಂದೆ ಹೋಯಿತು. ಆಮ್ಲಜನಕವಿಲ್ಲದೆ ಮಕ್ಕಳು ಸತ್ತಾಗ ಉಳಿಸಲು ಒದ್ದಾಡಿದ ವೈದ್ಯೆಯನ್ನೇ ಜೈಲಿಗೆ ಹಾಕುವ ಕಥೆ ಅದರಲ್ಲಿದೆ. 2017ರ ಆಗಸ್ಟಿನಲ್ಲಿ ಗೋರಖಪುರದ ಬಿ.ಆರ್.ಡಿ. ವೈದ್ಯಕೀಯ ಕಾಲೇಜಿನಲ್ಲಿ ನಡೆದದ್ದನ್ನೂ, ತಿಂಗಳುಗಟ್ಟಲೆ ಜೈಲಿನಲ್ಲಿದ್ದು 2018ರ ಏಪ್ರಿಲಿನಲ್ಲಿ ಜಾಮೀನು ಪಡೆದ, 2021ರಲ್ಲಿ ಸೇವೆಯಿಂದಲೇ ವಜಾಗೊಂಡ ಡಾ. ಕಫೀಲ್ ಖಾನ್ ಅವರನ್ನೂ ನೆನೆಯದೆ ಅದನ್ನು ನೋಡಲಾಗದು. ವೈದ್ಯರೂ ಈ ವ್ಯವಸ್ಥೆಯ ಬಲಿಪಶು ಆಗಬಹುದು ಎಂಬುದನ್ನು ಆ ಚಿತ್ರ ಕಂಡಿತು. ಆದರೆ ಪರಿಹಾರ ಮಾತ್ರ ಮತ್ತೆ ಅದೇ: ಆರೋಗ್ಯ ಮಂತ್ರಿಯನ್ನು ಅಪಹರಿಸಿದರೆ ಕೆಲವೇ ಗಂಟೆಗಳಲ್ಲಿ ಸರ್ಕಾರಿ ಆಸ್ಪತ್ರೆಗಳೆಲ್ಲ ಹೊಸದಾಗಿಬಿಡುತ್ತವೆ.

ನಮಗೆ ಹೆಚ್ಚು ಬೇಕಾದ ಮಾದರಿ ಹಳೆಯದು. ಸತ್ಯಜಿತ್ ರಾಯ್ ತಮ್ಮ ಕೊನೆಯ ವರ್ಷಗಳಲ್ಲಿ, ಇಬ್ಸೆನ್‌ನ ನಾಟಕವನ್ನು ಆಧರಿಸಿ 'ಗಣಶತ್ರು' ಮಾಡಿದರು. ಊರಿನ ದೇವಾಲಯದ ತೀರ್ಥದಲ್ಲಿ ರೋಗಾಣುಗಳಿವೆ ಎಂದು ಕಂಡುಹಿಡಿದ ವೈದ್ಯ ಅದನ್ನು ಹೇಳಲು ಹೊರಡುತ್ತಾನೆ. ಪುರಸಭೆಯ ಅಧ್ಯಕ್ಷನಾದ ಸ್ವಂತ ತಮ್ಮ, ಪತ್ರಿಕೆಯವರು, ವ್ಯಾಪಾರಿಗಳು, ಭಕ್ತರು ಎಲ್ಲರೂ ಒಂದಾಗಿ ಅವನನ್ನೇ ಜನಶತ್ರು ಎನ್ನುತ್ತಾರೆ. ಅದರಲ್ಲಿ ಹೊಡೆದಾಟವಿಲ್ಲ, ಹೆಚ್ಚಿನದೆಲ್ಲ ಮನೆಯೊಳಗಿನ ಮಾತು. ಇಡೀ ಊರು ಆ ತೀರ್ಥದ ಲಾಭದಲ್ಲಿ ಪಾಲುದಾರ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ರೋಗ ನೀರಿನಲ್ಲಿರುವಷ್ಟೇ ಊರಿನಲ್ಲೂ ಇದೆ. ನಮ್ಮ ಆಲೆಮನೆಯ ಸ್ಕ್ಯಾನಿಂಗ್ ಯಂತ್ರದ ಬಗ್ಗೆ ಸಿನಿಮಾ ಮಾಡಬೇಕಾದವನು ಕಲಿಯಬೇಕಾದದ್ದು ಈ ಚಿತ್ರದಿಂದ.

ಅಂಥ ಚಿತ್ರದಲ್ಲಿ ಏನಿರಬಹುದು? ಒಂದು ಮನೆಯ ಊಟದ ಹೊತ್ತು ಇರಬಹುದು. ಸೊಸೆಯನ್ನು ನಾಳೆ ಎಲ್ಲಿಗೆ ಕರೆದೊಯ್ಯಬೇಕೆಂದು ಹಿರಿಯರು ಪಿಸುಮಾತಿನಲ್ಲಿ ನಿರ್ಧರಿಸುವುದು, ಆಕೆ ರೊಟ್ಟಿ ತಟ್ಟುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುವುದು. ರೋಗಿ ಕಳಿಸಿದ್ದಕ್ಕೆ ಕಮಿಷನ್ ಎಣಿಸುವ ಗಾಡಿಯವನು, ತನ್ನ ಮಗಳ ಫೀಸಿಗೆ ಅದೇ ಹಣ ಕಟ್ಟುವುದು. ವೈದ್ಯಕೀಯ ಸೀಟಿಗೆ ಹೊಲ ಮಾರಿದ ಅಪ್ಪ, ಆ ಹೊಲವನ್ನು ರೋಗಿಗಳಿಂದ ಮರಳಿ ಕೊಳ್ಳಲು ಹೊರಟ ಮಗ. ದೂರಿನ ಅರ್ಜಿ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಮೂರನೆಯ ಸಲ ಹೋಗುವ ಒಬ್ಬ ಹೆಂಗಸು. ಇವರಲ್ಲಿ ಯಾರನ್ನೂ ಅಪಹರಿಸಿ ಸಮಸ್ಯೆ ಬಗೆಹರಿಸಲಾಗದು.

ನಾವು ನಮ್ಮನ್ನೂ ಈ ಪಟ್ಟಿಯಿಂದ ಬಿಟ್ಟುಕೊಳ್ಳುವುದಿಲ್ಲ. ಮನೆಯವರ ಚಿಕಿತ್ಸೆಗೆ ಹಣ ಕೊಟ್ಟು ರಸೀದಿ ಕೇಳದೆ ಬಂದದ್ದು ಎಷ್ಟು ಸಲವೋ. ಕೇಳಿದರೆ ವೈದ್ಯರು ಬೇಸರ ಮಾಡಿಕೊಂಡಾರು ಎಂಬ ಅಂಜಿಕೆ. ಬೇಗ ನೋಡಲಿ ಎಂದು ಆಯಾಳ ಕೈಗೆ ನೋಟು ತುರುಕಿ, ಮೊದಲಿನಿಂದ ಕುಳಿತಿದ್ದ ಮುದುಕನನ್ನು ಹಿಂದೆ ಹಾಕಿದವರೂ ನಾವೇ. ಆ ಮುದುಕ ಯಾರ ತಂದೆ ಎಂದು ನಾವು ಕೇಳಲಿಲ್ಲ. ಇದು ಸಣ್ಣ ತಪ್ಪು ಎಂದು ಸಮಾಧಾನ ಹೇಳಿಕೊಳ್ಳಬಹುದು. ಆದರೆ ಆ ದೊಡ್ಡ ಬಿಲ್ಲು ನಿಂತಿರುವುದು ಇಂಥ ಸಾವಿರ ಸಣ್ಣ ಮೌನಗಳ ಮೇಲೆ.

ಮರುದಿನ ಹೊರಡುವ ಮುಂಚೆ ಆ ಅಜ್ಜಿಯನ್ನು ಕಂಡು, ಈಗ ಬಾಕಿಗಾಗಿ ಹೆಣ ಹಿಡಿದಿಡುವಂತಿಲ್ಲ, ಹಾಗೆಂದು ಕಾನೂನಾಗಿದೆ ಎಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಅದನ್ನ ಎಲ್ಲಾರಿಗೂ ಹೇಳ್ರಿ ಮತ್ತ" ಎಂದರು. ಹೇಳುತ್ತಿದ್ದೇವೆ. ಸಿನಿಮಾ ಹೇಳುವವರೆಗೆ ಕಾಯುವುದು ಬೇಡ.